ದೇವರ ಟಗರು, ಸೊಸೆಯ ಕೈಗುಣ

ಮೊನ್ನೆ ಹುಕ್ಕೇರಿಯಲ್ಲಿ ಕುರಿ ಸಾಕುವವರ ಸಭೆಯೊಂದಕ್ಕೆ ಹೋಗಿದ್ದೆ. ಹೋಗಬಾರದಿತ್ತು. ಚಹಾ, ಚುರುಮುರಿ ಎಲ್ಲ ಚೆನ್ನಾಗಿಯೇ ಇತ್ತು. ತಲೆ ಕೆಡಿಸಿದ್ದು ಪರದೆಯ ಮೇಲೆ ಬಂದ ಒಂದು ಫೋಟೊ. ಕಪ್ಪು ಕುರಿಯೊಂದು ನಿಂತಿದೆ, ಅದರ ಕಾಲ ಬುಡದಲ್ಲಿ ಮೂರು ಮರಿಗಳು, ಪಕ್ಕದಲ್ಲಿ ಹಳದಿ ರುಮಾಲಿನ ಮುದುಕನೊಬ್ಬ ಮೀಸೆಯೊಳಗೇ ನಗುತ್ತಿದ್ದಾನೆ. ಅಂಚಿನಲ್ಲಿ ಹಸಿರು ಬಳೆ ತೊಟ್ಟ ಒಂದು ಮುಂಗೈ, ಮರಿಯೊಂದರ ಬಾಯಿಗೆ ಹಾಲಿನ ಬಾಟಲಿ ಹಿಡಿದಿದೆ. ಮುಂಗೈ ಅಷ್ಟೇ. ಅದರಾಚೆ ಇದ್ದ ಹೆಂಗಸನ್ನು ಯಾರೋ ಕಂಪ್ಯೂಟರಿನ ಮುಂದೆ ಕುಳಿತು ಕತ್ತರಿಸಿ ಹಾಕಿದ್ದಾರೆ. ಮೇಲೆ ದಪ್ಪ ಅಕ್ಷರದಲ್ಲಿ 'ಒಂದು ಜೀನ್, ಇಮ್ಮಡಿ ಮರಿ' ಅಂತ ಬರೆದಿತ್ತು.

ಆ ಫೋಟೊ ತೆಗೆದವಳು ನಾನು. ತೆಗೆದಾಗ ಅದರಲ್ಲಿ ನೀಲವ್ವ ಇಡಿಯಾಗಿ ಇದ್ದಳು. ಪಕ್ಕದ ಕುರ್ಚಿಯವರು, "ಎಷ್ಟ ಚಂದ ಅದಾವಲ್ರಿ ಮರಿ" ಎಂದು ನನ್ನ ಕಡೆ ತಿರುಗಿದರು. ಮೈಯೆಲ್ಲ ಉರಿಯುತ್ತಿತ್ತು. ಎದ್ದು ಹೊರಗೆ ಬಂದು ಬೇವಿನ ಮರದ ನೆರಳಿಗೆ ನಿಂತೆ. ಆ ವರ್ಷದ ಚಳಿಗಾಲ, ಮಸಗುಪ್ಪಿಯ ಆಚೆಯ ಆ ವಸ್ತಿ, ಅಲ್ಲಿ ನಡೆದದ್ದೆಲ್ಲ ಒಂದರ ಹಿಂದೊಂದು ನೆನಪಿಗೆ ಬಂತು.

ನಮ್ಮ ಮನೆ ಯಮಕನಮರಡಿಯಲ್ಲಿ. ಡಿಪ್ಲೊಮಾ ಮುಗಿಸಿದ ಮೇಲೆ ಕುರಿ ತಳಿಯ ಯೋಜನೆಯೊಂದರಲ್ಲಿ ನನಗೆ ಗುತ್ತಿಗೆ ಕೆಲಸ ಸಿಕ್ಕಿತ್ತು. ಮೂಡಲಗಿಯಲ್ಲಿ ಬಾಡಿಗೆ ಖೋಲಿ, ಸುತ್ತಲಿನ ಹಳ್ಳಿಗಳಲ್ಲಿ ಓಡಾಟ, ಗೋಕಾಕದಲ್ಲಿ ನಮ್ಮ ಸಾಹೇಬರ ಕಚೇರಿ. ಕುರಿಗಳ ಕುತ್ತಿಗೆಯಿಂದ ಒಂದಿಷ್ಟು ರಕ್ತ ತೆಗೆದು ಪರೀಕ್ಷೆಗೆ ಕಳಿಸುವುದು, ಫಲಿತಾಂಶ ಬಂದ ಮೇಲೆ ಕುರಿಗಾರರಿಗೆ ತಿಳಿಸಿ ಹೇಳುವುದು ನನ್ನ ಕೆಲಸ. ಮೊದಲನೆಯದು ಸುಲಭ. ಕುರಿ ಒಂದು ಸಲ ಕೊಸರಿ ಸುಮ್ಮನಾಗುತ್ತದೆ. ಮನುಷ್ಯರಿಗೆ ತಿಳಿಸಿ ಹೇಳುವುದಿದೆಯಲ್ಲ, ಅದು ಕಷ್ಟ.

ನಮ್ಮ ಕಡೆಯ ಕರಿ ಕುರಿ ಸಾಮಾನ್ಯವಾಗಿ ಒಂದು ಸೂಲಿಗೆ ಒಂದೇ ಮರಿ ಹಾಕುತ್ತದೆ. ದೂರದ ಬಂಗಾಳದ ಕಡಲಂಚಿನಲ್ಲಿ ಮಾತ್ರ ಗಿಡ್ಡ ಜಾತಿಯ ಕುರಿಗಳಿವೆ, ಅವಕ್ಕೆ ಅವಳಿ ಮಾಮೂಲು. ಆ ಅವಳಿಯ ಹಿಂದಿರುವುದು ಒಂದೇ ಒಂದು ಜೀನ್. ಆ ಜೀನನ್ನು ನಮ್ಮ ಕುರಿಗಳಿಗೆ ತರಲು ಯೋಜನೆಯವರು ಊರೂರಿಗೆ ಟಗರು ಹಂಚಿದ್ದರು. ತಮಾಷೆ ಏನೆಂದರೆ, ಟಗರನ್ನು ನೋಡಿದರೆ ಏನೂ ತಿಳಿಯುವುದಿಲ್ಲ. ಅದು ಕೂಡಿದ ಕುರಿಯೂ ಎಂದಿನಂತೆ ಒಂದೇ ಮರಿ ಹಾಕುತ್ತದೆ. ಗುಣ ಬಯಲಾಗುವುದು ಆ ಟಗರಿನ ಹೆಣ್ಣುಮರಿ ಬೆಳೆದು ತಾಯಿಯಾದಾಗ. ಅಪ್ಪ ತಂದದ್ದನ್ನು ಮಗಳು ಹೆರಬೇಕು. ಜೀನಿನ ಒಂದು ಪ್ರತಿ ಸಿಕ್ಕ ಕುರಿ ಅವಳಿ ಹಾಕುತ್ತದೆ, ಸಾಕಲು ಸಾಧ್ಯ, ಲಾಭವೂ ಹೌದು. ಅಪ್ಪನಿಂದ ಒಂದು, ತಾಯಿಯಿಂದ ಒಂದು ಅಂತ ಎರಡು ಪ್ರತಿ ಸಿಕ್ಕಿತೋ, ಮೂರು ಮರಿ ಬಂದರೂ ಬರಬಹುದು. ಮೂರಾದರೆ ಒಂದೊಂದೂ ಅಂಗೈಯಗಲ, ತಾಯಿಯ ಹಾಲು ಯಾರಿಗೂ ಸಾಲದು. ಆದ್ದರಿಂದ ಟಗರಿನ ಹೆಣ್ಣುಮಕ್ಕಳು ಪ್ರಾಯಕ್ಕೆ ಬರುವ ಮೊದಲೇ ಅದನ್ನು ಹಿಂದಕ್ಕೆ ಕೊಟ್ಟು ಬೇರೆ ಟಗರು ತರಬೇಕು. ಅಷ್ಟು ಮಾಡಿದರೆ ಸಾಕು.

ಮಸಗುಪ್ಪಿಯಿಂದ ಕಾಲುವೆ ದಾಟಿ ಹೋದರೆ ಲಕ್ಕಪ್ಪಜ್ಜನ ವಸ್ತಿ, ಹೊಲಗಳ ನಡುವಿನ ನಾಲ್ಕಾರು ಮನೆಗಳ ಗುಂಪು. ಹಾಲುಮತದ ಮನೆತನ. ಅರ್ಧ ಹೊಲ ಕಬ್ಬು, ಅರ್ಧ ಗೋವಿನಜೋಳ, ಮನೆಯ ಹಿಂದೆ ಮುಳ್ಳುಬೇಲಿಯ ದಡ್ಡಿ, ಅದರ ತುಂಬ ಕುರಿ. ಹಿರಿಮಗ ಮಾಳಪ್ಪ ಹಿಂಡು ಹೊಡೆದುಕೊಂಡು ಊರೂರ ಹೊಲದಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಲು ಹೋಗುತ್ತಿದ್ದ. ಈಯುವ ಕುರಿ, ಎಳೆಯ ಮರಿ ಎಲ್ಲ ಮನೆಯಲ್ಲೇ ಉಳಿಯುತ್ತಿದ್ದವು, ಅವನ್ನು ನೋಡಿಕೊಳ್ಳುತ್ತಿದ್ದವಳು ಮಾಳಪ್ಪನ ಹೆಂಡತಿ ನೀಲವ್ವ. ಅತ್ತೆ ತೀರಿಹೋಗಿದ್ದರು. ಮೈದುನನಿಗೆ ಆಗಷ್ಟೇ ಮದುವೆಯಾಗಿ ಕಿರಿಸೊಸೆಯೊಬ್ಬಳು ಬಂದಿದ್ದಳು, ಕುರಿ ಎದುರು ಬಂದರೆ ಹಾದಿ ಬಿಟ್ಟು ನಿಲ್ಲುವಂಥ ಹುಡುಗಿ.

ಈ ಲಕ್ಕಪ್ಪಜ್ಜನಿಗೆ ನಾನು ಬರುವುದಕ್ಕೆ ಮೊದಲೇ ಯೋಜನೆಯ ಟಗರು ಸಿಕ್ಕಿತ್ತು. ಅದರ ಮೊದಲ ಹೆಣ್ಣುಮರಿಗಳು ಬೆಳೆದು ಅವಳಿ ಹಾಕಿದಾಗ ಅಜ್ಜನಿಗೆ ಸ್ವರ್ಗ ಮೂರೇ ಗೇಣು. ಹಿಗ್ಗಿನಲ್ಲಿ ಅವನು ಏನು ಮಾಡಿದ? ಟಗರಿಗೆ ಮೈತುಂಬ ಭಂಡಾರ ಹಚ್ಚಿ ಬೀರಪ್ಪನ ಹೆಸರಿಗೆ ಬಿಟ್ಟುಬಿಟ್ಟ. ದೇವರಿಗೆ ಬಿಟ್ಟ ಟಗರನ್ನು ಮಾರುವಂತಿಲ್ಲ, ಕೊಯ್ಯುವಂತಿಲ್ಲ, ಬದಲಿ ಕೊಡುವಂತಿಲ್ಲ. ಕೂಡಬಾರದೆಂದು ಉಳಿದ ಟಗರುಗಳ ಹೊಟ್ಟೆಗೆ ಕಟ್ಟುವ ಗೋಣಿತಟ್ಟನ್ನೂ ಅದಕ್ಕೆ ಕಟ್ಟುವಂತಿಲ್ಲ. ಹಣೆಗೆ ಹಳದಿ ಬಳಿದುಕೊಂಡು ಅದು ತನ್ನ ಮಗಳಂದಿರ ನಡುವೆಯೇ ರಾಜನ ಹಾಗೆ ಓಡಾಡಿಕೊಂಡಿತ್ತು. ಆ ಮಗಳಂದಿರಿಗೆ ಅದರಿಂದಲೇ ಹುಟ್ಟಿದ ಹೆಣ್ಣುಮರಿಗಳು ಆ ವರ್ಷ ಮೊದಲ ಸಲ ಗಬ್ಬವಾಗಿದ್ದವು.

ದೀಪಾವಳಿ ಕಳೆದು ಕಬ್ಬಿನ ಗಾಡಿಗಳು ರಸ್ತೆ ತುಂಬುವ ಹೊತ್ತಿಗೆ ಸೂಲು ಶುರುವಾಯಿತು. ಹಿಂಗಾರಿ ಮಳೆ ಹೋಗಲೊಲ್ಲೆ ಎನ್ನುತ್ತಿತ್ತು. ಬೆಳಗಾದರೆ ಮಂಜು, ದಡ್ಡಿಯೊಳಗೆ ಕೆಸರು. ನಾನು ಹೋದ ದಿನ ನೀಲವ್ವ ಅಂಗಳದಲ್ಲಿ ಕಂಬಳಿ ಹಾಸಿ ಕುಳಿತಿದ್ದಳು. ಮಡಿಲಲ್ಲಿ ಒದ್ದೆ ಮರಿ, ಎದುರಿಗೆ ತಾಯಿಕುರಿ, ಅದರ ಕೆಳಗೆ ಇನ್ನೆರಡು.

"ಅಕ್ಕಾರ, ಬರ್ರಿ ಬರ್ರಿ. ಮೂರ ಹಾಕೈತ್ರಿ ಇದು!" ಎಂದಳು. "ನನ್ನ ಜಲ್ಮದಾಗ ನೋಡಿಲ್ರಿ."

ಅವಳು ಕೆಲಸ ಮಾಡುವುದನ್ನು ನಾನು ನೋಡುತ್ತ ನಿಂತೆ. ಎಲ್ಲಕ್ಕಿಂತ ಸಣ್ಣ ಮರಿಗೆ ಮೊದಲು ಗಿಣ್ಣದ ಹಾಲು ಕುಡಿಸಿದಳು, ಆಮೇಲೆ ದೊಡ್ಡವಕ್ಕೆ ಬಿಟ್ಟಳು. ಹಾಲು ಸಾಲದ್ದಕ್ಕೆ ಆಡಿನ ಹಾಲನ್ನು ಉಗುರುಬೆಚ್ಚಗೆ ಮಾಡಿ ಬಾಟಲಿಯಲ್ಲಿ ಕೊಟ್ಟಳು. ಪಕ್ಕದಲ್ಲೇ ಇನ್ನೊಂದು ಕುರಿ ಒಂಟಿ ಮರಿ ಈಯಿತು. ನೀಲವ್ವ ಎದ್ದು ಹೋಗಿ ಆ ಮರಿಯ ಮೈಮೇಲಿನ ಲೋಳೆ ತೆಗೆದು ಈ ಸಣ್ಣ ಮರಿಗೆ ಸವರಿ ಆ ತಾಯಿಯ ಮೂಗಿನ ಕೆಳಗೆ ಇಟ್ಟಳು. ಕುರಿ ಮೂಸಿತು, ಒಂದು ಸಲ ಗುದ್ದಿತು, ಮತ್ತೆ ಮೂಸಿ ನೆಕ್ಕತೊಡಗಿತು.

"ಎಲ್ಲಾ ಸಲ ಹಿಂಗ ಒಪ್ಪಂಗಿಲ್ರಿ," ಎಂದು ನಕ್ಕಳು. "ಇವತ್ತ ನಮ್ಮ ಹಣಿಬಾರ ಚಲೋ ಐತಿ."

ಆ ಮರಿ ಗಟ್ಟಿಯಾದ ಮೇಲೆ ಅದೇ ಅಂಗಳದಲ್ಲಿ ಮೂರನ್ನೂ ಸೇರಿಸಿ ನಿಲ್ಲಿಸಿ ಆ ಫೋಟೊ ತೆಗೆದೆ, ಕಚೇರಿಗೂ ಕಳಿಸಿದೆ. ಲಕ್ಕಪ್ಪಜ್ಜ ಹೊಸ ಹಳದಿ ರುಮಾಲು ಸುತ್ತಿಕೊಂಡು ಬಂದು ನಿಂತಿದ್ದ, ನೀಲವ್ವ ಮರಿಯೊಂದಕ್ಕೆ ಬಾಟಲಿ ಹಿಡಿದಿದ್ದಳು. "ದೇವರ ಟಗರ್ರೀ ಇದು, ಏನಂತ ತಿಳದೀರಿ!" ಎಂದ. ಮರಿಗಳನ್ನು ಬದುಕಿಸಿದವಳ ಹೆಸರು ಅವನ ಬಾಯಿಗೆ ಬರಲಿಲ್ಲ. ಆಗ ನಾನೂ ಅದನ್ನು ದೊಡ್ಡದು ಮಾಡಲಿಲ್ಲ, ಮುದುಕರು ಹಾಗೇ ಅಂದುಕೊಂಡೆ.

ಟಗರಿನ ರಕ್ತದ ಫಲಿತಾಂಶ ಬಂದಾಗ ಅನುಮಾನವೇ ಉಳಿಯಲಿಲ್ಲ. ಅದಕ್ಕೆ ಎರಡೂ ಪ್ರತಿ ಇದ್ದವು, ಅದರ ಮಗಳ ಮಕ್ಕಳಲ್ಲೂ ಎಷ್ಟೋ ಕುರಿಗಳಿಗೆ ಎರಡೂ ಬಂದಿದ್ದವು. ನಾನು ಅಜ್ಜನ ಮುಂದೆ ಕುಳಿತು ನೆಲದ ಮೇಲೆ ಗೋವಿನಜೋಳದ ಕಾಳಿಟ್ಟು ತೋರಿಸಿದೆ. ಇದು ಅಪ್ಪನ ಕಾಳು, ಇದು ತಾಯಿಯ ಕಾಳು, ಎರಡೂ ಕೂಡಿದರೆ ಹೀಗಾಗುತ್ತದೆ.

"ಅಜ್ಜಾರ, ಅಪ್ಪ ಮಗಳು ಕೂಡಬಾರದು. ಈ ಟಗರು ಬದಲಿ ಮಾಡ್ರಿ. ಇಲ್ಲಾಂದ್ರ ಮೂರು ಮೂರು ಬಂದು ಮರಿ ಸಾಯ್ತಾವ."

"ಟಗರು ಬದಲಿ ಮಾಡೂದು ನನಗ ಗೊತ್ತಿಲ್ಲೇನ್ರಿ ಮೇಡಮ್ಮಾರ? ನನ್ನಪ್ಪನೂ ಮಾಡತಿದ್ದ, ಅವರಪ್ಪನೂ ಮಾಡತಿದ್ದ," ಎಂದ ಅಜ್ಜ. "ಆದ್ರ ಇದು ದೇವರಿಗೆ ಬಿಟ್ಟದ್ದು. ಕೊಟ್ಟ ಮಾತು. ದೇವರು ಕೊಟ್ಟದ್ದು ಹೆಚ್ಚಾತಂದ್ರ ಬ್ಯಾಡ ಅನ್ನಾಕ ಬರತೈತೇನು?"

ಅವನು ಹೇಳಿದ್ದರಲ್ಲಿ ಅರ್ಧ ಸರಿಯಾಗಿತ್ತು. ಟಗರು ಬದಲಿಸುವ ಪದ್ಧತಿ ಯಾವ ಯೋಜನೆಯೂ ಕಲಿಸಿದ್ದಲ್ಲ, ಅವರ ಮನೆತನದ್ದೇ. ಆ ಹಳೆಯ ಬುದ್ಧಿಯನ್ನು ಕಟ್ಟಿಹಾಕಿದ್ದು ಅವನ ಹಿಗ್ಗು.

ಚಳಿ ಬಲಿಯಿತು. ಮೂರು ಹಾಕುವ ಕುರಿಗಳು ಒಂದೊಂದಾಗಿ ಈದವು, ಮರಿಗಳು ಸಾಯತೊಡಗಿದವು. ನೀಲವ್ವ ಕೆಲವನ್ನು ಉಳಿಸಿದಳು, ಕೆಲವು ಅವಳ ಮಡಿಲಲ್ಲೇ ಹೋದವು. ಸತ್ತ ಮರಿಯನ್ನು ಹೂಳಿ ಬಂದು ಕೈ ತೊಳೆದುಕೊಂಡು ಮುಂದಿನದಕ್ಕೆ ಹಾಲು ಬಿಸಿಮಾಡುತ್ತಿದ್ದಳು. ಊಟಕ್ಕೆ ಕುಳಿತದ್ದನ್ನು ನಾನಂತೂ ನೋಡಿಲ್ಲ.

ಒಂದು ಸೋಮವಾರ ನಾನು ಹೋದಾಗ ಅವಳು ದಡ್ಡಿಯ ಹೊರಗೆ, ಬೇಲಿಗೆ ಕೈಯಿಟ್ಟು ನಿಂತಿದ್ದಳು. ಒಳಗೆ ಕಿರಿಸೊಸೆ ಬಾಟಲಿ ಹಿಡಿದು ಅಳುವ ಮುಖ ಮಾಡಿಕೊಂಡಿದ್ದಳು.

"ಯಾಕ ನೀಲವ್ವ, ಹೊರಗ?"

"ನನ್ನ ಕೈಗುಣ ಕೆಟ್ಟೈತಂತ್ರಿ ಅಕ್ಕಾರ. ನಾ ಮುಟ್ಟಿದ ಮರಿ ಸಾಯ್ತಾವಂತ. ದಡ್ಡಿ ತುಳೀಬ್ಯಾಡ ಅಂದಾರ ಮಾವಾರು. ನಿನ್ನೆ ಅಂಗಳದಾಗ ನಿಂತು, ಇಡೀ ವಸ್ತಿ ಮಂದಿ ಕೇಳೂಹಂಗ ಅಂದ್ರು."

"ಮಾಳಪ್ಪ ಏನಂದ?"

"ಅವರು ಫೋನಿನ್ಯಾಗ ಇದ್ರು. ಹೂಂ ಅಂದ್ರು." ಬೇಲಿಯ ಮುಳ್ಳೊಂದನ್ನು ಮುರಿಯುತ್ತ ಹೇಳಿದಳು, "ಇನ್ನೂ ಮರಿ ಸತ್ರ ತವರಿಗೆ ಕಳಸ್ತಾರಂತ. ಕಳಸ್ಲಿ, ಹೋಗ್ತೇನಿ. ಆದ್ರ ಈ ಮಾತು ಹೊತ್ಕೊಂಡು ಹ್ಯಾಂಗ ಹೋಗ್ಲಿ? ಕುರಿ ಮನಿ ಮಗಳು ನಾ. ಕೈಗುಣ ಕೆಟ್ಟಾಕಿ ಅಂದ್ರ ನಮ್ಮವ್ವನ ದಡ್ಡ್ಯಾಗರ ನನ್ನ ಯಾರು ಬಿಟ್ಕೊಳ್ತಾರ?"

ನನಗೆ ಸಿಟ್ಟು ನೆತ್ತಿಗೇರಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಅವಳಿ ಹುಟ್ಟಿದಾಗ ಅದು ಟಗರಿನ ಪುಣ್ಯ, ದೇವರ ಕೃಪೆ, ಅಜ್ಜನ ದೈವ, ನಮ್ಮ ಯೋಜನೆಯ ಸಾಧನೆ. ಹಾಲು ಸಾಲದೆ ಮರಿ ಸತ್ತಾಗ ಮಾತ್ರ ಸೊಸೆಯ ಕೈ. ಮೂರು ಹುಟ್ಟಲು ಕಾರಣವಾದ ಟಗರು ಅತ್ತ ನೆನೆಸಿದ ಹುರುಳಿ ತಿನ್ನುತ್ತ ನಿಂತಿತ್ತು. ಅದಕ್ಕೆ ಒಂದು ಮಾತು ಅನ್ನುವವರಿಲ್ಲ, ಎದುರಿಗೆ ಹೋದವರೆಲ್ಲ ಅದಕ್ಕೆ ಕೈಮುಗಿಯುತ್ತಿದ್ದರು.

ನೇರ ಗೋಕಾಕಕ್ಕೆ ಹೋಗಿ ಸಾಹೇಬರಿಗೆ ಹೇಳಿದೆ. ಟಗರು ಹಂಚಿದವರು ನಾವು, ಬದಲಿಸುವ ಹೊತ್ತಿಗೆ ತಿರುಗಿ ನೋಡದವರೂ ನಾವು. ನೀವು ಬಂದು ಅಜ್ಜನಿಗೆ ಒಂದು ಮಾತು ಹೇಳಿ, ಇದು ತಳಿಯ ದೋಷ, ಹೆಣ್ಣುಮಗಳದ್ದಲ್ಲ ಅಂತ. ಸಾಹೇಬರು ಕನ್ನಡಕ ಒರೆಸಿಕೊಂಡರು.

"ತಳಿಯ ದೋಷ ಅಂತ ಬರೆದರೆ ಯೋಜನೆಗೆ ಕೆಟ್ಟ ಹೆಸರು ಬರುತ್ತೆ," ಎಂದರು. "ಮರಿಗಳ ಸಾವಿಗೆ ಆರೈಕೆಯ ಕೊರತೆ ಕಾರಣ. ಹಾಗಂತಲೇ ಬರೆಯೋಣ. ಹೆಣ್ಣುಮಕ್ಕಳಿಗೆ ಒಂದು ತರಬೇತಿ ಇಟ್ಟುಕೊಂಡರಾಯಿತು."

"ಆರೈಕೆ ಮಾಡುವವಳನ್ನು ಹೊರಗೆ ನಿಲ್ಲಿಸಿದ್ದಾರೆ ಸರ್. ತರಬೇತಿ ಯಾರಿಗೆ? ಬೇಲಿಗೋ?"

"ನೀವು ರಕ್ತ ತೆಗೆಯುವ ಕೆಲಸಕ್ಕೆ ಬಂದವರು. ಅಷ್ಟು ಮಾಡಿ."

ಕೈಗುಣ ಎಂದ ಅಜ್ಜನಿಗೂ ಆರೈಕೆಯ ಕೊರತೆ ಎಂದ ಈ ಮಹಾಶಯರಿಗೂ ಏನು ವ್ಯತ್ಯಾಸ? ಒಬ್ಬ ಅಂಗಳದಲ್ಲಿ ನಿಂತು ಅಂದ, ಇನ್ನೊಬ್ಬರು ಫ್ಯಾನಿನ ಕೆಳಗೆ ಕುಳಿತು ಅಂದರು. ಅಜ್ಜನಾದರೂ ದೇವರಿಗೆ ಹೆದರಿದ್ದ. ಬಸ್ಸಿನಲ್ಲಿ ಮೂಡಲಗಿಗೆ ಬರುವ ದಾರಿಯುದ್ದಕ್ಕೂ ನಾನು ಹಲ್ಲು ಕಚ್ಚಿಕೊಂಡೇ ಕುಳಿತಿದ್ದೆ. ಸಾಹೇಬರಿಗೆ ಹೇಳಬೇಕಾಗಿದ್ದ ಮಾತುಗಳೆಲ್ಲ ಆಗ ನಾಲಿಗೆಗೆ ಬರುತ್ತಿದ್ದವು.

ನೀಲವ್ವನನ್ನು ಹೊರಗಿಟ್ಟ ಮೇಲೆ ಸಾವು ನಿಂತಿತೇ? ಹೆಚ್ಚಾಯಿತು. ಕಿರಿಸೊಸೆ ಪಾಪ, ಹೆದರಿಕೆಯಲ್ಲಿ ಮರಿಯನ್ನು ಅಂಗಾತ ಹಿಡಿದು ತಣ್ಣನೆಯ ಹಾಲು ಸುರಿಯುತ್ತಿದ್ದಳು. ಹಾಲು ನೆತ್ತಿಗೇರಿ ಮರಿಗಳು ಕೆಮ್ಮಿ ಕೆಮ್ಮಿ ಹೋದವು. ನೀಲವ್ವ ಬೇಲಿಯ ಹೊರಗಿಂದ, "ನಿಂದ್ರಸಿ ಕುಡಸವಾ, ನಿಂದ್ರಸಿ. ಕುತಗಿ ಹಿಡೀಬ್ಯಾಡ" ಎಂದು ಕೂಗುತ್ತಿದ್ದಳು. ಅಜ್ಜ ಅದಕ್ಕೂ, "ಇನ್ನೂ ಆಕಿ ನೆರಳು ಬೀಳಾಕತ್ತೈತಿ" ಎಂದನಂತೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎನ್ನುವ ಹಾಗಾಯಿತು ಅವಳ ಪಾಡು. ಒಳಗೆ ಬಿಡದೆ ಮರಿ ಉಳಿಯುವುದಿಲ್ಲ, ಮರಿ ಉಳಿಯದೆ ಒಳಗೆ ಬಿಡುವುದಿಲ್ಲ.

ನಾನು ಅಜ್ಜನ ಜೊತೆ ಜೀನಿನ ಮಾತು ಬಿಟ್ಟೆ. ವಸ್ತಿಯವರು ನಡೆದುಕೊಳ್ಳುವ ಬೀರಪ್ಪನ ಗುಡಿ ಹುಕ್ಕೇರಿ ಕಡೆಯ ಒಂದು ಹಳ್ಳಿಯಲ್ಲಿದೆ. ಅಲ್ಲಿಯ ಪೂಜಾರಿಯನ್ನು ಹುಡುಕಿಕೊಂಡು ಹೋದೆ. ಕಂಬಳಿ ಹೊದ್ದು ಬಿಸಿಲು ಕಾಯಿಸುತ್ತ ಕುಳಿತಿದ್ದ ವಯಸ್ಸಾದ ಮನುಷ್ಯ. ಎಲ್ಲವನ್ನೂ ಹೇಳಿದೆ, ನೀಲವ್ವನ ವಿಷಯವನ್ನೂ ಬಿಡದೆ ಹೇಳಿದೆ. ಅವರು ಎಲೆ ಅಡಿಕೆ ಅಗಿಯುತ್ತ ಕೇಳಿ, ಪಕ್ಕಕ್ಕೆ ಉಗುಳಿ, ಒಂದೇ ಮಾತಿಗೆ ಗಂಟು ಬಿಚ್ಚಿದರು.

"ದೇವರ ಹೆಸರಿಗೆ ಬಿಟ್ಟ ಟಗರು ದೇವರ ಬಾಜೂಕ ಇರಬೇಕು. ಅವನ ದಡ್ಡ್ಯಾಗ ಯಾಕೈತದು? ಗುಡಿಗೆ ತಂದು ಬಿಡು ಅಂತ ಲಕ್ಕಪ್ಪಗ ನಾ ಹೇಳ್ತೇನಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನನ್ನ ಪಾಲಿಗೆ ಅದು ತಿರುಗಾಮುರುಗಾ ಆಯಿತು. ಗುಡಿಯ ಹತ್ತಿರ ಟಗರುಗಳಷ್ಟೇ ಇದ್ದವು, ಒಂದೂ ಹೆಣ್ಣುಕುರಿ ಇರಲಿಲ್ಲ. ಮಾತೂ ಉಳಿಯಿತು, ಹಿಂಡೂ ಉಳಿಯಿತು.

ಟಗರನ್ನು ಕಳಿಸುವ ದಿನ ಲಕ್ಕಪ್ಪಜ್ಜನ ವಸ್ತಿಯಲ್ಲಿ ಸಂಭ್ರಮವೋ ಸಂಭ್ರಮ. ಡೊಳ್ಳಿನವರು ಬಂದಿದ್ದರು. ಟಗರಿಗೆ ಸ್ನಾನ, ಕೊರಳಿಗೆ ಚೆಂಡುಹೂವಿನ ಹಾರ, ಬೆನ್ನ ತುಂಬ ಭಂಡಾರ. ಸುದ್ದಿ ಕೇಳಿ ನಮ್ಮ ಸಾಹೇಬರೂ ಜೀಪಿನಲ್ಲಿ ಬಂದು ಅಜ್ಜನಿಗೆ ಶಾಲು ಹೊದಿಸಿ, ಪ್ರಗತಿಪರ ಕುರಿಗಾರ ಎಂದು ಹೊಗಳಿ, ಫೋಟೊ ತೆಗೆಸಿಕೊಂಡು ಹೋದರು. ಮರಿಗಳು ಸತ್ತ ಮಾತು ಯಾರ ಬಾಯಲ್ಲೂ ಇರಲಿಲ್ಲ. ಟಗರು ಹತ್ತಿದ ಟೆಂಪೊ ಹೊರಡುವಾಗ ಹೆಂಗಸರು ಆರತಿ ಎತ್ತಿದರು. ಮಾಳಪ್ಪ ಹಿಂಡು ಬಿಟ್ಟು ಬಂದು ಟೆಂಪೊದಲ್ಲಿ ಟಗರಿನ ಹಗ್ಗ ಹಿಡಿದು ಕುಳಿತಿದ್ದ. ನೀಲವ್ವ ದಡ್ಡಿಯ ಬಾಗಿಲಿನ ಹೊರಗೆ, ದಿನಾ ನಿಲ್ಲುವ ಜಾಗದಲ್ಲೇ ನಿಂತಿದ್ದಳು.

ಟೆಂಪೊ ಕಾಲುವೆಯ ತಿರುವು ದಾಟಿತು. ಅಜ್ಜ ಶಾಲಿನ ಸುಕ್ಕು ಸರಿಮಾಡಿಕೊಳ್ಳುತ್ತ ದಡ್ಡಿಯ ಕಡೆ ಬಂದ. ಮಂದಿ ಇನ್ನೂ ಅಂಗಳದಲ್ಲೇ ಇದ್ದರು.

"ಆತು, ನೀಲವ್ವ. ಇನ್ಮ್ಯಾಲ ನೀ ಒಳಗ ಬಾ. ಟಗರ ಹೋತು, ಕಾಟ ಹೋತು. ಆದ್ರ ಹುಷಾರಿಂದ ನೋಡ್ಕೊ, ಮೊದಲಿನಂಗ ಮಾಡಬ್ಯಾಡ."

ಉತ್ತರ ನನ್ನ ಬಾಯಿಗೆ ಬಂದಿತ್ತು. ಆದರೆ ನೀಲವ್ವ ನನ್ನ ಕಡೆ ನೋಡಿ, ನೀವು ಸುಮ್ಮನಿರ್ರಿ ಎನ್ನುವಂತೆ ಕೈ ಎತ್ತಿದಳು.

"ಮೊದಲ ನಾ ಏನ ಮಾಡಿದ್ನಿರಿ ಮಾವಾರ?"

"ಹೋಗ್ಲಿ ಬಿಡವಾ. ಆದದ್ದ ಆತು."

ಒಳಗೆ ಎಳೆಮರಿಯೊಂದು ಹಸಿದು ಕೂಗತೊಡಗಿತು. ಎಲ್ಲರೂ ಅವಳನ್ನೇ ನೋಡಿದರು, ಈಗ ಓಡಿಹೋಗುತ್ತಾಳೆ ಎಂದು. ಅವಳ ಕೈ ಬೇಲಿಯ ಗೂಟವನ್ನು ಬಿಗಿಯಾಗಿ ಹಿಡಿದಿತ್ತು. ಕಾಲು ಎತ್ತಲಿಲ್ಲ.

"ಮೂರ ಮರಿ ಹಾಕಿದ ಕುರಿಗೆ ದೇವರು ಮೊಲಿ ಎರಡ ಕೊಟ್ಟಾನ್ರಿ ಮಾವಾರ," ಎಂದಳು. "ಮೂರನೇ ಮೊಲಿ ನಾ ಆಗಿದ್ದೆ. ಅದನ್ನ ನೀವು ಬೇಲಿ ಹೊರಗ ನಿಲ್ಲಿಸಿದ್ರಿ."

ಡೊಳ್ಳಿನವನೊಬ್ಬ ಕೋಲು ಕೆಳಗಿಟ್ಟ. ಅಜ್ಜ ರುಮಾಲು ತೆಗೆದ, ಮತ್ತೆ ಸುತ್ತಿಕೊಂಡ. ಒಳಗೆ ಮರಿ ಕೂಗುತ್ತಲೇ ಇತ್ತು. ಕೊನೆಗೆ ಅವನು ತುಟಿಯಲ್ಲೇ, "ನಿನ್ನ ಕೈಗುಣದಾಗ ಏನೂ ದೋಷ ಇಲ್ಲವಾ, ತಪ್ಪ ನಂದು" ಎಂದ. ಪಕ್ಕದಲ್ಲಿ ನಿಂತಿದ್ದ ನನಗೇ ಅದು ಸರಿಯಾಗಿ ಕೇಳಲಿಲ್ಲ.

"ಕೈಗುಣ ಕೆಟ್ಟೈತಿ ಅಂದದ್ದು ಇಡೀ ವಸ್ತಿಗೆ ಕೇಳಿತ್ತರಿ ಮಾವಾರ," ಎಂದಳು ನೀಲವ್ವ. "ಇದನ್ನೂ ಅಷ್ಟ ಜೋರ ಹೇಳ್ರಿ."

ಲಕ್ಕಪ್ಪಜ್ಜ ಮಂದಿಯ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡು, ಜೋರಾಗಿ ಹೇಳಿದ. ಆಮೇಲೆ ಅವಳು ಬೇಲಿ ಸರಿಸಿ ಒಳಗೆ ಹೋದಳು.